ಚಟ್ನಿಪುಡಿ ಕೌಂಟರಿನ ನೀಲವ್ವ

ಕಳೆದ ಭಾನುವಾರ ವೈಟ್‌ಫೀಲ್ಡಿನ ದೊಡ್ಡ ಅಂಗಡಿಯೊಂದರಲ್ಲಿ ಸೋಪು ಹುಡುಕಿಕೊಂಡು ಹೋದವಳು, ತಟ್ಟೆ ಹಿಡಿದು ನಿಂತಿದ್ದ ಒಬ್ಬ ಹುಡುಗಿಯ ಕೈಗೆ ಸಿಕ್ಕಿಬಿದ್ದೆ. ತಟ್ಟೆಯಲ್ಲಿ ಉಗುರಿನಷ್ಟಗಲದ ಚಪಾತಿ ಚೂರುಗಳು, ಒಂದೊಂದಕ್ಕೂ ಒಂದು ಹಲ್ಲುಕಡ್ಡಿ, ಮೇಲೆ ಚಿಟಿಕೆ ಚಟ್ನಿಪುಡಿ. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಪೈಕಿ ನಾನು, ಎರಡು ತಿಂದೆ. ತಿಂದ ಮೇಲೆ ಸುಮ್ಮನೆ ಹೋಗಬೇಕಲ್ಲ? ಇದನ್ನು ಹೇಗೆ ಮಾಡ್ತಾರಮ್ಮ ಎಂದು ಕೇಳಿದೆ. ಹುಡುಗಿ ಗಾಬರಿಯಿಂದ ಆಚೀಚೆ ನೋಡಿ, ಎಲ್ಲ ಪ್ಯಾಕೆಟ್ ಹಿಂದೆ ಬರೆದಿದೆ ಮೇಡಂ ಎಂದಳು. ಯಾರೋ ಚೆನ್ನಾಗಿ ತಯಾರು ಮಾಡಿ ನಿಲ್ಲಿಸಿದ್ದಾರೆ ಅಂದುಕೊಂಡೆ. ಹಾಗೆ ತಯಾರು ಮಾಡಿ ನಿಲ್ಲಿಸುವುದೇ ಒಂದು ಕಾಲಕ್ಕೆ ನನ್ನ ಹೊಟ್ಟೆಪಾಡಾಗಿತ್ತು.

ನಾನಿದ್ದ ಕಂಪನಿಯವರಿಗೆ ಒಂದು ನಂಬಿಕೆ ಇತ್ತು. ಅಂಗಡಿಗೆ ಬಂದವರಿಗೆ ಬರೀ ಸರಕು ಕೊಟ್ಟರೆ ಸಾಲದು, ಅನುಭವ ಕೊಡಬೇಕು. ಆ ಅನುಭವವನ್ನು ಹೊಂದಿಸುವವಳು ನಾನು. ಜಿಗಣಿಯ ಕಾರ್ಖಾನೆಯಲ್ಲಿ ಯಂತ್ರದಿಂದ ಉದುರುತ್ತಿದ್ದ ಶೇಂಗಾ ಚಟ್ನಿಪುಡಿಯ ಮೇಲೆ ಅಜ್ಜಿಯ ಕೈರುಚಿ ಎಂದು ಬರೆಸಿದ್ದೂ ನಾನೇ. ಅದು ಯಾರ ಅಜ್ಜಿಯೋ ದೇವರೇ ಬಲ್ಲ. ನನ್ನಜ್ಜಿಯಂತೂ ಹುಳಿಪುಡಿ ಬಿಟ್ಟು ಬೇರೇನನ್ನೂ ಕುಟ್ಟಿದವಳಲ್ಲ. ಅಂಗಡಿಯೊಳಗೆ ಥರ್ಮೋಕೋಲಿನ ಗುಡಿಸಲು ಕಟ್ಟಿಸಿ, ಅದರ ಮುಂದೆ ಥರ್ಮೋಕೋಲಿನ ಒರಳು ಇಡಿಸಿದ್ದೆ. ಎಸಿ ಗಾಳಿಗೆ ಒರಳು ಜರುಗುತ್ತದೆಂದು ಅದರೊಳಗೆ ಒಂದು ಅಕ್ಕಿ ಚೀಲ ತುರುಕಬೇಕಾಯಿತು. ಇಷ್ಟಾದ ಮೇಲೆ ಒಬ್ಬ ನಿಜವಾದ ಹೆಂಗಸು ಬೇಕು ಅನ್ನಿಸಿತು.

ಹಾಗೆ ಸಿಕ್ಕಿದವರು ನೀಲವ್ವ. ವಿಜಯಪುರದ ಕಡೆಯವರು, ಪಟ್ಟಂದೂರು ಅಗ್ರಹಾರದ ಒಂದು ಸಾಲುಮನೆಯಲ್ಲಿ ಬಾಡಿಗೆಗಿದ್ದರು. ಅದುವರೆಗೆ ಕಟ್ಟಡದ ಕೆಲಸ. ಸಿಮೆಂಟು ತಿಂದು ಬೆರಳ ತುದಿಗಳು ಸುಲಿದಿದ್ದವು, ಬಲಭುಜ ಮೇಲೇಳುತ್ತಿರಲಿಲ್ಲ. ಭಾರ ಹೊರಬೇಡ ಎಂದು ಡಾಕ್ಟರು ಹೇಳಿಯಾಗಿತ್ತು. ನಾಲ್ಕು ವಾರದ ಶನಿವಾರ ಭಾನುವಾರ ಕೌಂಟರಿನಲ್ಲಿ ನಿಲ್ಲಬೇಕು, ಮುಂಬಯಿಯ ಸಾಹೇಬರು ಬಂದು ನೋಡಿ ಒಪ್ಪಿದರೆ ವರ್ಷಪೂರ್ತಿ ಕೆಲಸ ಎಂದು ಮಾತಾಗಿತ್ತು. ಮೊದಲ ದಿನ ಕಂಪನಿಯ ಇಳಕಲ್ ಸೀರೆ ಉಟ್ಟು ಬಂದವರು ನನ್ನ ಕೈ ಹಿಡಿದುಕೊಂಡರು.

"ಅಕ್ಕಾರ, ಇದೊಂದು ಕೆಲಸ ಗಟ್ಟಿ ಆತಂದ್ರ ನಾ ಮತ್ತ ಬುಟ್ಟಿ ಹೊರಂಗಿಲ್ಲ."

ಆಗಲಿ ನೋಡೋಣ ಎಂದೆ. ದೊಡ್ಡವರ ಹಾಗೆ ಆ ಮಾತು ಆಡುವುದನ್ನು ನಾನಾಗಲೇ ಕಲಿತಿದ್ದೆ.

ಅವರನ್ನು ತಯಾರು ಮಾಡುವುದು ಸುಲಭವಿರಲಿಲ್ಲ. ಚಟ್ನಿಪುಡಿಗೆ ಅವರು ಹಿಂಡಿ ಅನ್ನುತ್ತಿದ್ದರು. ನಮ್ಮ ಕಡೆ ಹಿಂಡಿ ಹಸುವಿಗೆ ಹಾಕುವುದು, ಹಾಗನ್ನಬೇಡಿ ಎಂದು ಬಿಡಿಸಿದೆ. ಹಲ್ಲುಕಡ್ಡಿಯನ್ನು ಕಂಡರೆ ಅವರಿಗೆ ನಾಚಿಕೆ. ಮಂದಿಗೆ ಕಡ್ಡಿಯಲ್ಲಿ ಚುಚ್ಚಿ ಕೊಡುತ್ತಾರೆಯೇ ಎಂದು ಮನೆಯಿಂದ ಜೋಳದ ರೊಟ್ಟಿ ತಟ್ಟಿ ತಂದು, ಅಂಗೈಯಗಲ ಮುರಿದು ಕೊಡುತ್ತಿದ್ದರು. ಬಂದವರಿಗೆ ಮೊದಲು ನೀರು ಬೇಕೇ ಎಂದು ಕೇಳುತ್ತಿದ್ದರು. ಟ್ರಾಲಿ ತಳ್ಳುವವರು, ನೆಲ ಒರೆಸುವವರು, ಬಾಗಿಲ ಕಾವಲಿನವರು ಎಲ್ಲರಿಗೂ ಅಲ್ಲೇ ಮಧ್ಯಾಹ್ನದ ಊಟವಾಗುತ್ತಿತ್ತು. ಸ್ಯಾಂಪಲ್ಲು ಗಿರಾಕಿಗಳಿಗೆ ಮಾತ್ರ ಎಂದು ನಾನು ಗದರಿದರೆ, ಆತ್ರಿ ಅನ್ನುತ್ತಿದ್ದರು, ಕೊಡುತ್ತಿದ್ದರು. ಆದರೂ ಜನ ಸುತ್ತುಗಟ್ಟಿ ನಿಂತು ತಿಂದು, ಪ್ಯಾಕೆಟ್ಟು ಎತ್ತಿಕೊಂಡು ಹೋಗುತ್ತಿದ್ದರು. ಹಾಗಾಗಿ ನಾನೂ ಕಂಡೂ ಕಾಣದಂತಿದ್ದೆ.

ನಾಲ್ಕನೆಯ ಭಾನುವಾರ ಸಾಹೇಬರು ಬಂದರು. ಅವರಿಗೆ ಕನ್ನಡದ ಗಂಧವಿಲ್ಲ. ಗುಡಿಸಲು ನೋಡಿ ಮೆಚ್ಚಿದರು, ಒರಳು ಮುಟ್ಟಿ ನೋಡಿದರು, ರೊಟ್ಟಿ ತಿಂದು ತಲೆದೂಗಿದರು. ಕೆಲಸ ಗಟ್ಟಿಯಾದಂತೆಯೇ ಎಂದು ನಾನು ನೀಲವ್ವನಿಗೆ ಕಣ್ಣಿನಲ್ಲೇ ಹೇಳಿದ್ದೆ. ಅಷ್ಟರಲ್ಲಿ ಮಗುವನ್ನೆತ್ತಿಕೊಂಡ ಒಬ್ಬಾಕೆ ಪ್ಯಾಕೆಟ್ಟು ಕೈಯಲ್ಲಿ ಹಿಡಿದೇ, ಚೆನ್ನಾಗಿದೆಯಲ್ಲ, ಮಾಡೋದು ಹೇಗೆ ಎಂದು ಕೇಳಿದಳು. ನೀಲವ್ವನ ಮುಖ ಅರಳಿತು.

"ಭಾಳ ಸಸಾರ ಐತ್ರಿ ಯವ್ವಾ. ಸೇಂಗಾ ಸಣ್ಣ ಉರಿ ಮ್ಯಾಗ ಹುರೀರಿ, ಸಿಪ್ಪಿ ತಗೀರಿ. ನಾಕು ಎಸಳು ಬಳ್ಳೊಳ್ಳಿ, ಒಂದೀಟು ಜೀರಗಿ, ಖಾರ, ಉಪ್ಪು. ಕಲ್ಲಾಗ ಕುಟ್ಟರಿ, ಮಿಕ್ಸಿಗೆ ಹಾಕಿದ್ರ ಮುದ್ದಿ ಆಗತೈತಿ. ಮನ್ಯಾಗ ಮಾಡಿದ್ದಕ್ಕ ಈ ಪಾಕೀಟಿಂದು ಸರಿ ಬರಂಗಿಲ್ರಿ."

ಆಕೆ ನಕ್ಕು, ಪ್ಯಾಕೆಟ್ಟನ್ನು ಮತ್ತೆ ಶೆಲ್ಫಿನಲ್ಲಿಟ್ಟು ಹೋದಳು. ಸಾಹೇಬರು ಅದನ್ನು ನೋಡಿದರು. ನೀಲವ್ವ ಏನು ಹೇಳಿದಳು ಎಂದು ನನ್ನನ್ನು ಕೇಳಿದರು.

ನೋಡಿ, ಒಂದು ಸುಳ್ಳು ಸಾಕಿತ್ತು. ಆ ಗಿರಾಕಿ ಹಬ್ಬಕ್ಕೆ ಬಂದು ಒಯ್ಯುತ್ತಾಳಂತೆ ಎಂದಿದ್ದರೆ ಮುಗಿಯುತ್ತಿತ್ತು. ಅಜ್ಜಿಯಿಲ್ಲದ ಅಜ್ಜಿಯ ಕೈರುಚಿಯನ್ನು ಊರಿಗೆಲ್ಲ ಸಾರಿದ ನನಗೆ ಸುಳ್ಳೇನು ಹೊಸದೇ? ಆದರೆ ಆಗ ನನ್ನ ಬಡ್ತಿಯ ಮಾತು ನಡೆಯುತ್ತಿತ್ತು. ತಪ್ಪು ನೀಲವ್ವನದು, ನನ್ನದಲ್ಲ ಎಂಬುದು ಅವರಿಗೆ ತಿಳಿಯಬೇಕಿತ್ತು. ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ, ಬೆಳ್ಳುಳ್ಳಿಯ ಎಸಳಿನ ಲೆಕ್ಕವನ್ನೂ ಬಿಡಲಿಲ್ಲ. ಸಾಹೇಬರು ನಕ್ಕರು. ಮುಂದಿನ ವಾರಕ್ಕೆ ಬೇರೆಯವರನ್ನು ನೋಡಿ ಎಂದರು.

ಸಂಜೆ ಗೋದಾಮಿನ ಪಕ್ಕದಲ್ಲಿ ನೀಲವ್ವ ಸೀರೆ ಬದಲಿಸಿ, ಕಂಪನಿಯ ಸೀರೆಯನ್ನು ನೆರಿಗೆ ಹಿಡಿದು ಮಡಚುತ್ತಿದ್ದರು. ಮಾಡುವ ಬಗೆ ಹೇಳಿಕೊಟ್ಟದ್ದು ಸಾಹೇಬರಿಗೆ ಹಿಡಿಸಲಿಲ್ಲ, ಮುಂದಿನ ವಾರದಿಂದ ಕೆಲಸವಿಲ್ಲ ಎಂದು ಹೇಳಿದೆ. ಅವರು ಜಗಳವಾಡಲಿಲ್ಲ. ಕೇಳಿದವರಿಗೆ ಹೇಳಬಾರದೆಂದು ಮೊದಲೇ ಹೇಳಿದ್ದರೆ ಹೇಳುತ್ತಿರಲಿಲ್ಲ, ಅಡುಗೆಯನ್ನು ಕೇಳಿದರೆ ಯಾರಾದರೂ ಮುಚ್ಚಿಡುತ್ತಾರೆಯೇ ಎಂದರು. ಸಾಹೇಬರಿಗೆ ನೀವೊಂದು ಮಾತು ಹೇಳಿ ಎಂದು ಬೇಡಿಕೊಂಡರು. ಆಮೇಲೆ ಏನೋ ಹೊಳೆದವರಂತೆ ಕೇಳಿದರು.

"ಅಲ್ರೀ ಅಕ್ಕಾರ, ಸಾಹೇಬರಿಗೆ ಕನ್ನಡ ಬರೂದಿಲ್ಲ. ನಾ ಅಂದದ್ದು ಅವರಿಗೆ ಹ್ಯಾಂಗ ತಿಳೀತು?"

ಗೊತ್ತಿಲ್ಲ ನೀಲವ್ವ ಎಂದೆ.

ಬಡ್ತಿ ಬಂತು. ಆ ಕೆಲಸವನ್ನು ಬಿಟ್ಟದ್ದು ಎಷ್ಟೋ ಕಾಲದ ಮೇಲೆ, ಬೇರೇನೋ ಕಾರಣಕ್ಕೆ. ಪಶ್ಚಾತ್ತಾಪದಿಂದ ಬಿಟ್ಟೆ ಎಂದು ಬರೆದುಕೊಳ್ಳಲು ನನಗೂ ಆಸೆಯಿದೆ. ಒಮ್ಮೆ ಪಟ್ಟಂದೂರು ಅಗ್ರಹಾರಕ್ಕೆ ಹುಡುಕಿಕೊಂಡು ಹೋಗಿದ್ದೆ. ಪಕ್ಕದ ಮನೆಯವರು, ಅವರೆಲ್ಲ ಬೆಳ್ಳಂದೂರಿನ ಕಡೆ ಹೊಸ ಬಿಲ್ಡಿಂಗಿಗೆ ಹೋದರು ಎಂದರು. ನೀಲವ್ವ ಏನು ಕೆಲಸಕ್ಕೆ ಎಂದು ಕೇಳಿದೆ. ಬುಟ್ಟಿ ಹೊರೋಕೆ, ಇನ್ನೇನು ಎಂದರು.

ಚಟ್ನಿಪುಡಿಯನ್ನು ನಾನೀಗ ಮನೆಯಲ್ಲೇ ಕುಟ್ಟುತ್ತೇನೆ. ಆ ದಿನ ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಂದೆನಲ್ಲ, ಮರೆಯುವ ಮಾತೇ ಇಲ್ಲ. ತಿಂದವರು ಯಾರು ಕಲಿಸಿದ್ದು ಎಂದು ಕೇಳಿದಾಗಲೆಲ್ಲ, ಆಫೀಸಿನಲ್ಲಿ ಒಬ್ಬರು ಎಂದು ದಾಟಿಸುತ್ತಾ ಬಂದಿದ್ದೇನೆ. ಮೊನ್ನೆಯ ಆ ಭಾನುವಾರ ಸೋಪು ತಂದಿಟ್ಟು ಕೂತಿದ್ದಾಗ ಎದುರುಮನೆಯ ಗಿರಿಜಾ ಬಂದರು, ರೊಟ್ಟಿಯ ಜೊತೆ ಚಟ್ನಿಪುಡಿ ಬಡಿಸಿದೆ. ದಾವಣಗೆರೆಯವರು, ರೊಟ್ಟಿ ಚಟ್ನಿಪುಡಿಯ ರುಚಿ ಬಲ್ಲವರು. ಥೇಟ್ ನಮ್ಮ ಕಡೆದೇ ರೀ, ಯಾರು ಕಲಿಸಿದ್ದು ಎಂದರು. ಆಫೀಸು ಎಂಬ ಮಾತು ನಾಲಗೆಯವರೆಗೆ ಬಂದಿತ್ತು.

"ನೀಲವ್ವ ಅಂತ. ನನಗೆ ಕಲಿಸಿದ್ದಲ್ಲ ಕಣ್ರೀ, ಇನ್ಯಾರಿಗೋ ಹೇಳಿಕೊಡ್ತಿದ್ರು. ಹೇಳಿಕೊಟ್ಟಿದ್ದಕ್ಕೇ ಅವರ ಕೆಲಸ ಹೋಯ್ತು. ಚಾಡಿ ಹೇಳಿದವಳು ನಾನು."

ರೊಟ್ಟಿ ಮುರಿಯುತ್ತಿದ್ದ ಗಿರಿಜಾ ತಲೆಯೆತ್ತಿದರು. ಕೈಯಲ್ಲಿದ್ದ ಚೂರನ್ನು ತಟ್ಟೆಯಲ್ಲಿಟ್ಟರು. ಆಮೇಲೆ ಮೆಲ್ಲಗೆ, "ಅದು ಅವರಿಗೆ ಗೊತ್ತಾ?" ಎಂದು ಕೇಳಿದರು.

ಇಲ್ಲ ಎಂದೆ.