ಭಂಡಾರದಲ್ಲಿ ಇಲ್ಲದ ದನಿ

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಉಳಿದ ಉಗುರುಗಳನ್ನು ಬುಡಮಟ್ಟ ಕತ್ತರಿಸುತ್ತಿದ್ದ ಬಾಯಾರು ಆ ಒಂದನ್ನು ಬೆಳೆಸಿಕೊಂಡಿದ್ದು ಚಂದಕ್ಕಲ್ಲ, ನಮ್ಮ ಪ್ರಬಂಧಗಳ ಅಧ್ಯಾಯಗಳ ಸಲುವಾಗಿ. ಬೇರೆಯವರು ಬರೆದದ್ದರ ಮೇಲೆ ಅವರು ಪೆನ್ನು ಆಡಿಸುತ್ತಿರಲಿಲ್ಲ. ಒಪ್ಪಿಗೆಯಾಗದ ಸಾಲಿನ ಪಕ್ಕದಲ್ಲಿ ಉಗುರಿನಿಂದ ಗೀರುತ್ತಿದ್ದರು. ಕಿಟಕಿಯ ಹತ್ತಿರ ಹಾಳೆಯನ್ನು ಓರೆ ಹಿಡಿದರೆ ಮಾತ್ರ ಆ ಗೀರು ಕಾಣುತ್ತಿತ್ತು. ನನ್ನ ಮೊದಲ ಅಧ್ಯಾಯವಂತೂ ಕುಂಟೆ ಹೊಡೆದ ಹೊಲದಂತೆ ಆಗಿತ್ತು. "ಪೆನ್ನಿಲೆ ಬರದ್ರ ಅದು ನಂದಾಗತೈತಿ. ಇದು ನಿಂದು. ಬೇಕಾದ್ರ ತಿದ್ದು, ಬ್ಯಾಡಾದ್ರ ಬಿಡು" ಎನ್ನುತ್ತಿದ್ದರು. ಬಿಟ್ಟರೆ ಏನಾಗುತ್ತದೆಂದು ನೋಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ವಿಶ್ವವಿದ್ಯಾಲಯದಲ್ಲಿ ಎಲ್ಲರಿಗೂ ಅವರು ಮೇಡಂ. ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ನಮ್ಮ ನಾಲ್ಕೈದು ಜನಕ್ಕೆ ಮಾತ್ರ, ಕಲಿಸುವ ಹೆಂಗಸನ್ನು ಕರೆಯುವ ಧಾರವಾಡದ ಹಳೆಯ ರೂಢಿಯಂತೆ, ಬಾಯಾರು. ಗಿಡ್ಡ ಆಳು, ಇಳಕಲ್ ಸೀರೆ, ಹೆಗಲಿಗೊಂದು ಬಟ್ಟೆಯ ಚೀಲ. ಆ ಆಳಿಗೂ ಆ ದನಿಗೂ ಸಂಬಂಧವೇ ಇರಲಿಲ್ಲ. ಅವರದು ಗಂಡುದನಿ, ದಪ್ಪ, ಸ್ವಲ್ಪ ಒಡಕು. ಫೋನಿನಲ್ಲಿ "ಹಲೋ" ಎಂದರೆ ಆ ಕಡೆಯವರು "ನಮಸ್ಕಾರ ಸರ್" ಎನ್ನುತ್ತಿದ್ದರು. ಬಾಯಾರು ತಿದ್ದದೆ "ನಮಸ್ಕಾರ್ರಿ, ಹೇಳ್ರಿ" ಎಂದು ಮುಂದುವರಿಸುತ್ತಿದ್ದರು. ನನಗೆ ಆ ದನಿ ಬಹಳ ಸೇರುತ್ತಿತ್ತು. ಹೊರಗಿನ ಪಡಸಾಲೆಯಲ್ಲಿ ಅದು ಕೇಳಿಸಿದರೆ ಸಾಕು, ಈ ದಿನ ಏನಾದರೂ ಕೆಲಸ ಸಾಗುತ್ತದೆ ಎಂದು ಧೈರ್ಯ ಬರುತ್ತಿತ್ತು.

ಬಾಯಾರ ಜೀವಮಾನದ ಕೆಲಸವೆಂದರೆ ಹಳೇ ಹುಬ್ಬಳ್ಳಿಯ ಒಂದು ಓಣಿ. ಅಲ್ಲಿಯ ಹೆಂಗಸರು ವ್ಯಾಪಾರಿಗಳಿಂದ ಒಣಮೆಣಸಿನಕಾಯಿ ಚೀಲ ತಂದು, ಮನೆಯ ಕಟ್ಟೆಯ ಮೇಲೆ ಸುರುವಿಕೊಂಡು, ತೊಟ್ಟು ಮುರಿದು ಕೊಡುತ್ತಾರೆ. ಕೈ ಉರಿಯುತ್ತದೆ, ಕಣ್ಣು ಉರಿಯುತ್ತದೆ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ಹಾಡು, ಒಗಟು, ಅತ್ತೆಯ ಮೇಲಿನ ದೂರು, ಗಂಡನ ಅಣಕ. ಮುಸಲ್ಮಾನರ ಮನೆಯ ಕಟ್ಟೆಯಲ್ಲಿ ಶುರುವಾದ ಹಾಡನ್ನು ಎದುರಿನ ಲಿಂಗಾಯತರ ಕಟ್ಟೆ ಮುಗಿಸುತ್ತದೆ. ಬಾಯಾರು ಬಿಡುವಾದಾಗಲೆಲ್ಲ ಬಸ್ಸು ಹತ್ತಿ ಆ ಓಣಿಗೆ ಹೋಗಿ, ರೆಕಾರ್ಡರನ್ನು ನಡುವೆ ಇಟ್ಟು, ತಾವೂ ತೊಟ್ಟು ಮುರಿಯುತ್ತ ಕೂರುತ್ತಿದ್ದರು. ನಾನು ಅವರ ವಿದ್ಯಾರ್ಥಿಯಾಗುವ ಹೊತ್ತಿಗೆ ವರ್ಷಗಟ್ಟಲೆಯ ಧ್ವನಿಮುದ್ರಣ ಸೇರಿತ್ತು. ಅದರಲ್ಲಿ ಹಾಡು ಎಷ್ಟಿತ್ತೋ ಸೀನೂ ಅಷ್ಟೇ ಇತ್ತು. ಸೀನುಗಳನ್ನು ತೆಗೆದರೆ ಕೇಳಲು ಹಿತವಾಗುತ್ತದೆ ಎಂದು ನಾನೊಮ್ಮೆ ಜಾಣತನ ತೋರಿಸಿದೆ. "ಮೆಣಸಿನಕಾಯಿ ಮುಂದ ಕುಂತು ಸೀನದ ಹಾಡಾಕ ಅವರೇನು ರೇಡಿಯೋದಾಗ ಕುಂತಾರೇನು?" ಎಂದರು.

ನಾನು ಎರಡನೇ ವರ್ಷದಲ್ಲಿದ್ದಾಗ ವಿಶ್ವವಿದ್ಯಾಲಯ ತನ್ನ ಜಾಲತಾಣದಲ್ಲಿ ಮುಕ್ತ ಭಂಡಾರವನ್ನು ತೆರೆಯಿತು. ಪ್ರಬಂಧ, ಲೇಖನ, ಧ್ವನಿಮುದ್ರಣ, ಏನನ್ನೇ ಅಲ್ಲಿ ಏರಿಸಿದರೂ ಜಗತ್ತಿನಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಬಹುದು, ಕೇಳಬಹುದು. ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ಆಮೇಲೆ ತಮ್ಮ ತಮ್ಮ ಕಪಾಟಿಗೆ ಕೀಲಿ ಹಾಕಿಕೊಂಡರು. ಬಾಯಾರು ಮಾತ್ರ ಓಣಿಯ ಅಷ್ಟೂ ಧ್ವನಿಮುದ್ರಣವನ್ನು ಏರಿಸುವುದಾಗಿ ಹೇಳಿಬಿಟ್ಟರು.

ಹಿರಿಯ ಸಹೋದ್ಯೋಗಿಯೊಬ್ಬರು ಕಳಕಳಿಯಿಂದಲೇ ಬಂದು ಕೂತರು. "ಮೇಡಂ, ಇಷ್ಟು ವರ್ಷದ ದುಡಿಮಿ ಹಾದ್ಯಾಗ ಸುರುವಾಕತ್ತೀರಿ. ನಾಳೆ ಯಾರರ ಎತ್ಕೊಂಡು ತಮ್ಮ ಹೆಸರಿಲೆ ಪುಸ್ತಕಾ ಮಾಡ್ತಾರ, ನೋಡ್ರಿ."

"ಮಾಡ್ಲಿ ಬಿಡ್ರಿ ಸರ್. ನಾ ಎಲ್ಲಿಂದ ಎತ್ಕೊಂಡು ಬಂದೇನಿ? ಆ ಹೆಣ್ಮಕ್ಕಳು ನನ್ನ ನೋಡಿ ಬಾಗಲಾ ಹಾಕ್ಕೊಂಡಿದ್ರೇನು?"

ಅವರು ಚಹಾ ಕುಡಿದು ಎದ್ದುಹೋದರು. ಬಾಯಾರು ನನ್ನ ಕಡೆ ತಿರುಗಿ, "ಆದ್ರ ಬಾಗಲಾ ತೆಗದವರನ್ನ ಕೇಳದ ಹಾಕಬಾರದು" ಎಂದರು.

ಹಾಗೆ ಹುಟ್ಟಿತು ನಾವು 'ಹೂಂ' ಎಂದು ಕರೆಯುತ್ತಿದ್ದ ಪದ್ಧತಿ. ಒಪ್ಪಿಗೆಗೆ ಕಾಗದದ ಮೇಲೆ ಸಹಿಯೋ ಹೆಬ್ಬೆಟ್ಟೋ ಸಾಕೆಂದು ನಿಯಮ ಹೇಳುತ್ತಿತ್ತು. ಬಾಯಾರಿಗೆ ಸಾಲಲಿಲ್ಲ. ಹಾಡಿದವರ ಕಟ್ಟೆಗೇ ಹೋಗಿ, ಧ್ವನಿಮುದ್ರಣವನ್ನು ಪೂರ್ತಿ ಕೇಳಿಸಿ, ಇದನ್ನು ಊರೆಲ್ಲ ಕೇಳಬಹುದೇ ಎಂದು ವಿಚಾರಿಸಿ, ಅವರು "ಹೂಂ" ಎಂದದ್ದನ್ನು ಕೊನೆಗೆ ಸೇರಿಸಬೇಕು. ಯಾರಾದರೂ ಮುಂದೆಂದಾದರೂ ಆ ಹೂಂ ಹಿಂದಕ್ಕೆ ಪಡೆದರೆ ಮರುಮಾತಿಲ್ಲದೆ ತೆಗೆದುಹಾಕಬೇಕು. ಸ್ಪೀಕರ್ ಹೊತ್ತು ಅವರ ಹಿಂದೆ ನಾನು ಓಣಿ ತಿರುಗಿದೆ.

ಆ ಓಣಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದವಳು ಒಬ್ಬ ಮುದುಕಿ. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಮಗಳನ್ನು ಗದಗಿನ ಮೆಣಸಿನಕಾಯಿ ವ್ಯಾಪಾರದ ಮನೆಗೆ ಕೊಟ್ಟು ನೊಂದವಳು. ಹಾಡಿನ ನಡುವೆ ತಾನೇ ಕಟ್ಟಿದ ಎರಡು ಸಾಲು ಸೇರಿಸಿದ್ದಳು:

ಮಗಳ ಕೊಟ್ಟೇನವ್ವ ಮೆಣಸಿನ ರಾಶ್ಯಾಗ
ಅಳತಾಳೋ ಸೀನತಾಳೋ ತಿಳಿವಲ್ದು

ಪೂರ್ತಿ ಕೇಳಿದ ಆಯಿ ಕೇಳಿದಳು: "ಎಲ್ಲಾರೂ ಅಂದ್ರ ಯಾರ್ಯಾರ್ರಿ? ಗದಗಿನಾಗಿರೋ ನನ್ನ ಅಳಿಯಾನೂ ಕೇಳ್ತಾನೇನು?"

"ಫೋನ್ ಇದ್ರ ಕೇಳಬೌದು, ಆಯಿ."

"ಅಯ್ಯ, ಹಂಗಾರ ಆ ಎರಡು ಸಾಲು ತಗೀರಿ. ಮಗಳಿಗೆ ತ್ರಾಸ ಕೊಟ್ಟಾನು."

ಬಾಯಾರು ಕೂಡಲೇ ಒಪ್ಪಿದರು. ನನಗೆ ಮನಸ್ಸಾಗಲಿಲ್ಲ, ಇಡೀ ಓಣಿಯ ಹಾಡುಗಳಲ್ಲಿ ಅಂಥ ಸಾಲು ಇನ್ನೊಂದಿರಲಿಲ್ಲ. ಮರುದಿನ ಆಯಿ ಪಕ್ಕದ ಮನೆಯವರ ಫೋನಿನಿಂದ ಬಾಯಾರಿಗೆ ಹಚ್ಚಿದಳು. ಮಗಳನ್ನೇ ಕೇಳಿದ್ದಳಂತೆ. "ನನ್ನ ಮಗಳು ಹಾಕ್ಸು ಅಂದ್ಳ್ರಿ. ಅಂವಾ ಕೇಳ್ಲಿ ಅಂತನ ಅಲ್ಲೇನು ನಾ ಹಾಡಿದ್ದು? ಹಾಕ್ರಿ." ಬಾಯಾರು ಫೋನಿಟ್ಟರು. ಆಮೇಲೆ ನಮ್ಮಿಬ್ಬರಿಗೂ ಚುರುಮುರಿಯ ಗಿರಮಿಟ್ ತರಿಸಿದರು.

ಎಲ್ಲ ಹೂಂ ಸೇರಿದ ಮೇಲೆ ಏರಿಸುವ ಕೆಲಸ. ಕಂಪ್ಯೂಟರಿನ ಮುಂದೆ ನಾನು, ಪಕ್ಕದ ಕುರ್ಚಿಯಲ್ಲಿ ಬಾಯಾರು. ಮೊದಲ ದಿನವೇ ಹೇಳಿದರು: "ನನ್ನ ದನಿ ಎಲ್ಲೆಲ್ಲಿ ಬರತೈತಿ, ಅಳಿಸು."

"ಯಾಕ್ರಿ ಬಾಯಾರ? ಪ್ರಶ್ನಿ ಇಲ್ಲದ ಉತ್ತರ ಹೆಂಗ ತಿಳೀತೈತ್ರಿ?"

"ಸಂಶೋಧಕಿ ದನಿ ಇದ್ರ ಮಂದಿ ಆಕಿನ್ನ ಕೇಳ್ತಾರ, ಓಣಿ ಕೇಳಂಗಿಲ್ಲ. ಅಳಿಸು. ಆದ್ರ ಎರಡೂ ತುದಿ ತಂದು ಕೂಡಿಸಬ್ಯಾಡ, ಅದು ಸುಳ್ಳಾಗತೈತಿ. ಜಾಗಾ ಹಂಗ ಬಿಡು."

ಹಾಗೆಯೇ ಮಾಡಿದೆ. ತಿಂಗಳುಗಟ್ಟಲೆ ಅವರ ದನಿಯನ್ನು ಹುಡುಕಿ ಹುಡುಕಿ ಅಳಿಸಿದೆ. ಅವರೇನು ಕೇಳಿದ್ದರು ಎಂಬುದು ನನ್ನ ತಲೆಯಲ್ಲಿ ಉಳಿಯಲಿಲ್ಲ. ಅಳಿಸುವವರು ಪ್ರಶ್ನೆ ಕೇಳಿಸಿಕೊಳ್ಳುವುದಿಲ್ಲ, ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದಷ್ಟೇ ನೋಡುತ್ತಾರೆ. ಇಲಾಖೆಗೆ ಇದ್ದದ್ದು ಒಂದೇ ರೆಕಾರ್ಡರ್. ಕೆಲಸ ಮುಗಿದ ಮೇಲೆ ಬಾಯಾರು ಕಂಪ್ಯೂಟರಿನಲ್ಲಿದ್ದ ಮೂಲ ಪ್ರತಿಗಳನ್ನು ಅಳಿಸಿಹಾಕಿಸಿ, ರೆಕಾರ್ಡರಿನ ಕಾರ್ಡನ್ನೂ ಖಾಲಿ ಮಾಡಿ ಮುಂದಿನ ವಿದ್ಯಾರ್ಥಿಗೆ ಕೊಡಿಸಿದರು.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಮರಳುವಾಗ, ಬಸ್ಸಿನಲ್ಲಿ ಒಮ್ಮೆ, ದನಿ ಅಳಿಸುವುದು ನಿಜವಾಗಿ ಯಾಕೆಂದು ನಾನು ಬಿಡದೆ ಕೇಳಿದ್ದಕ್ಕೆ ಕಿಟಕಿಯಾಚೆ ನೋಡುತ್ತ ಹೇಳಿದರು: "ಖರೇ ಹೇಳ್ಲೇನು? ಲಗ್ನ ಆದ ಹೊಸತಾಗ ಆರತಿ ಹಾಡು ಅಂದ್ರು. ಹಾಡಿದೆ. ನಮ್ಮ ನಾದಿನಿ 'ಎಮ್ಮಿ ಒದರಿದಂಗ ಆತು' ಅಂದ್ಳು. ಎಲ್ಲಾರೂ ನಕ್ಕರು, ನಮ್ಮ ಮನಿಯವರೂ ನಕ್ಕರು. ಅವತ್ತಿನಿಂದ ಪಾಠಾ ಹೇಳಾಕ ಬಿಟ್ರ ಬ್ಯಾರೆ ಯಾವುದಕ್ಕೂ ಈ ದನಿ ಎತ್ತಿಲ್ಲ." ನನಗೆ ಆ ನಾದಿನಿಯ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಪಿಎಚ್.ಡಿ. ಮುಗಿದು ನನಗೆ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ದೇಶಪಾಂಡೆ ನಗರದಲ್ಲಿ ಮನೆ ಮಾಡಿದೆ. ಬಾಯಾರು ನಿವೃತ್ತರಾದರು. ಮೊಬೈಲಿನಲ್ಲಿ ಉದ್ದುದ್ದ ಸಂದೇಶ ಬರೆಯುತ್ತಿದ್ದರು. ದನಿಯಲ್ಲೇ ಸಂದೇಶ ಕಳಿಸಿ ಎಂದರೆ "ಬರಿಯಾಕ ಬರತೈತಲ್ಲ" ಎನ್ನುತ್ತಿದ್ದರು. ಚಳಿಗಾಲದ ಒಂದು ಬೆಳಿಗ್ಗೆ ಹಾಲು ಕಾಯಿಸುತ್ತ ಒಲೆಯ ಮುಂದೆ ಕುಸಿದರಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸುದ್ದಿ ಬಂದಾಗ ನಾನು ತರಗತಿಯಲ್ಲಿದ್ದೆ. ಪಾಠ ನಿಲ್ಲಿಸಿ ಹೊರಗೆ ಬಂದೆ.

ಫೋಟೋಗಳಿದ್ದವು. ಅವರು ಕೊಟ್ಟ ಸೀರೆಯಿತ್ತು. ನನಗೆ ಬೇಕಾಗಿದ್ದು ದನಿ. ಒಂದು ದಿನ ತಡೆಯದೆ ಭಂಡಾರ ತೆರೆದು ಅವರ ಹೆಸರು ಹಾಕಿ ಹುಡುಕಿದೆ. ಸಾಲುಸಾಲಾಗಿ ಎಲ್ಲ ಬಂದವು. ನಾನು ಎಲ್ಲಾದರೂ ಮರೆತು ಬಿಟ್ಟಿರಬಹುದು, ಒಂದು ಕೆಮ್ಮು, ಒಂದು "ಹಾಂ" ಉಳಿದಿರಬಹುದು ಎಂಬ ಆಸೆ. ಒಂದಾದ ಮೇಲೊಂದು ಕೇಳಿದೆ. ಆಯಿ ಮಾತಾಡುತ್ತಾಳೆ, ನಿಲ್ಲುತ್ತಾಳೆ, ಖಾಲಿ, ಆಮೇಲೆ "ಹೌದ್ರಿ ಬಾಯಾರ" ಎನ್ನುತ್ತಾಳೆ. ನಾನು ಎಲ್ಲಿಯೂ ಒಂದಕ್ಷರ ಬಿಟ್ಟಿರಲಿಲ್ಲ. ನನ್ನ ಶಿಸ್ತನ್ನು ನಾನೇ ಶಪಿಸಿದೆ.

ಸಮಾಧಾನವಾಗದೆ ಆಯಿಯ ಹತ್ತಿರ ಹೋದೆ. ಅವಳಿಗೀಗ ಕಣ್ಣು ಮಂದ. ಆದರೂ ಕಟ್ಟೆಯ ಮೇಲೆ ಕೂತು ಬೆರಳ ಅಂದಾಜಿನಲ್ಲೇ ತೊಟ್ಟು ಮುರಿಯುತ್ತಿದ್ದಳು. ಬಾಯಾರು ಹೋದ ಸುದ್ದಿ ಅವಳಿಗೆ ಮುಟ್ಟಿತ್ತು. ಫೋನಿನಲ್ಲಿ ಅವಳದೇ ಧ್ವನಿಮುದ್ರಣ ಹಚ್ಚಿದೆ. ತುಸು ಕೇಳಿ ತಲೆ ಎತ್ತಿದಳು.

"ಇದರಾಗ ಬಾಯಾರು ಎಲ್ಲೆದಾರ?"

"ಅವರ ದನಿ ಅಳಿಸೇವಿ, ಆಯಿ. ಅವರ ಹಂಗ ಹೇಳಿದ್ರು."

"ಅಯ್ಯ ಶಿವನ! ಹಂಗಾರ ನಾ ಯಾರ ಜೋಡಿ ಮಾತಾಡಾಕತ್ತೇನಿ? ಕೇಳಿದ ಮಂದಿ ಮುದುಕಿಗೆ ಹುಚ್ಚ ಹಿಡದೈತಿ ಅನ್ನಂಗಿಲ್ಲೇನು? ನೀವು ಅವತ್ತು ಕೇಳಿಸಿದ್ರಾಗ ಇಬ್ಬರೂ ಇದ್ವಿ. ನಾ ಹೂಂ ಅಂದದ್ದು ಅದಕ್ಕ. ಇದಕ್ಕ ನನ್ನ ಹೂಂ ಇಲ್ಲ. ಬಾಯಾರನ್ನ ಹೊಳ್ಳಿ ತಂದು ಕೂಡಸು, ಇಲ್ಲಾಂದ್ರ ಅಲ್ಲಿಂದ ತಗದ ಬಿಡು."

ಬಾಯಾರ ನಿಯಮವೇ ಅದು, ಮರುಮಾತಿಲ್ಲದೆ ತೆಗೆಯಬೇಕು. ಆಯಿಯ ಹಾಡುಗಳು ಹೋದರೆ ಬಾಯಾರ ಕೆಲಸದ ಜೀವವೇ ಹೋದಂತೆ. "ಎಲ್ಲಿಂದ ತರ್ಲಿ ಆಯಿ ಅವರನ್ನ?" ಎಂದವಳಿಗೆ ಅಳು ತಡೆಯಲಾಗಲಿಲ್ಲ. ಮೆಣಸಿನಕಾಯಿಯ ರಾಶಿಯ ಮುಂದೆ ಕೂತಿದ್ದರಿಂದ ಹಾದುಹೋಗುವವರು ಯಾರೂ ಯಾಕೆ ಎಂದು ಕೇಳಲಿಲ್ಲ.

ಆಯಿ ನನ್ನನ್ನು ಅಳಲು ಬಿಟ್ಟಳು. ಆಮೇಲೆ ಕೈ ಒರೆಸಿಕೊಂಡು, "ಹಚ್ಚು ಅದನ್ನ. ಎಲ್ಲೆಲ್ಲಿ ಖಾಲಿ ಐತಿ, ನಾ ಹೇಳ್ತೇನಿ. ಬರಕೋ" ಎಂದಳು.

ಬರೆದುಕೊಂಡೆ. ಹಲವು ಮಧ್ಯಾಹ್ನಗಳು ಹಾಗೆ ಕಳೆದವು. ಖಾಲಿ ಬಂದಾಗ ಆಯಿ ಕೈ ಎತ್ತುತ್ತಾಳೆ, ನಾನು ನಿಲ್ಲಿಸುತ್ತೇನೆ. "ಇಲ್ಲೆ, ಈ ಹಾಡು ಯಾರು ಕಲಿಸಿದ್ರು ಅಂದ್ರು." "ಇಲ್ಲೆ, ಮೊದಲ ನೀರು ಕುಡಿ ಆಯಿ ಅಂದ್ರು." ಒಂದು ಕಡೆ ನಗು ತಡೆಯಲಾರದೆ ಹೇಳಿದಳು: "ಇಲ್ಲೆ ತಾವ ಒಂದು ಸಾಲು ಹಾಡಿ ತೋರ್ಸಿದ್ರು, ಹಿಂಗೇನು ಅಂತ. ತಪ್ಪು ಹಾಡಿದ್ರು. ಆದ್ರ ದನಿ ಏನ್ ಛಲೋ ಇತ್ತವಾ, ತುಂಬಿದ ಕೊಡಾ ಇದ್ದಂಗ." ಕೆಲವು ಕಡೆ "ನೆನಪಿಲ್ಲ" ಎಂದಳು. ಅಲ್ಲಿ ನೆನಪಿಲ್ಲ ಎಂದೇ ಬರೆದೆ. ಗ್ರಂಥಾಲಯದವರು ಆ ಬರಹವನ್ನು ಧ್ವನಿಮುದ್ರಣದ ಜೊತೆಗೇ ಇಡಲು ಒಪ್ಪಿದರು. ಪೂರ್ತಿ ಓದಿ ಹೇಳಿದ ಮೇಲೆ ಆಯಿ ಹೊಸದಾಗಿ ಹೂಂ ಕೊಟ್ಟಳು.

ಆ ಹೂಂ ಸಿಗುವ ಮೊದಲು ಕೊನೆಗೆ ಉಳಿದಿದ್ದದ್ದು ಮಗಳ ಮೇಲಿನ ಆ ಎರಡು ಸಾಲುಗಳ ನಂತರದ ಖಾಲಿ. ಎಲ್ಲಕ್ಕಿಂತ ಉದ್ದದ್ದು ಅದು. ಅಲ್ಲಿ ಬಾಯಾರು ಏನೋ ದೊಡ್ಡದನ್ನು ಕೇಳಿರಬೇಕು, ಅದನ್ನೂ ನಾನು ಅಳಿಸಿದೆನಲ್ಲ ಎಂದು ಒಳಗೊಳಗೇ ಕೊರಗುತ್ತಿದ್ದೆ.

"ಇಲ್ಲೆ ಏನ್ ಕೇಳಿದ್ರು, ಆಯಿ?"

ಆಯಿ ತೊಟ್ಟು ಮುರಿಯುವುದನ್ನು ನಿಲ್ಲಿಸಿದಳು.

"ಇಲ್ಲೇನೂ ಕೇಳಲಿಲ್ಲವಾ. ನನ್ನ ಕೈ ಹಿಡಕೊಂಡು ಕುಂತಿದ್ರು. ಬಾಳ ಹೊತ್ತು. ಇಬ್ಬರದೂ ಮೆಣಸಿನಕಾಯಿ ಕೈ, ಉರೀತಿದ್ವು. ಬಿಡಲಿಲ್ಲ."

ಅದನ್ನು ಅವಳ ಮಾತಿನಲ್ಲೇ ಬರೆದು ಏರಿಸಿದ್ದೇನೆ. ಯಾರು ಬೇಕಾದರೂ ಓದಬಹುದು.