ಸೊಸೆ ಓದಿದ ರೋಗಿಗಳು

ನನ್ನ ಸೊಸೆಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಾನು "ಓದುವುದು" ಎನ್ನುತ್ತೇನೆ. "ಮದುವೆಯಾಗಿ ಇಷ್ಟು ವರ್ಷ ಆಯ್ತು, ಇನ್ನೂ ಓದ್ತಿದಾಳಾ?" ಎಂದು ಅವರು ಗಲ್ಲದ ಮೇಲೆ ಬೆರಳಿಡುತ್ತಾರೆ. ನಾನು ಅರ್ಧಕ್ಕೇ ಶಾಲೆ ಬಿಟ್ಟವಳು, ಅದಕ್ಕಿಂತ ಬಿಡಿಸಿ ಹೇಳಲು ನನಗೂ ಬರುವುದಿಲ್ಲ. ಆದರೆ ಆ ಕೆಲಸ ನಮ್ಮ ಊಟದ ಮೇಜಿನ ಮೇಲೆಯೇ ನಡೆದದ್ದರಿಂದ, ಕಂಡಷ್ಟನ್ನು ಬರೆಯುತ್ತೇನೆ.

ಅವಳೂ ನನ್ನ ಮಗನೂ ಭಾಷಾಂತರದ ಕಚೇರಿಯೊಂದರಲ್ಲಿ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ಪರಿಚಯವಾದವರು. ಇಬ್ಬರಿಗೂ ಇಂಗ್ಲಿಷ್ ಬರುತ್ತದೆ, ಜೊತೆಗೆ ಇನ್ನೊಂದು ಪರದೇಶದ ಭಾಷೆಯೂ ಬರುತ್ತದೆ. ಅದರ ಅಕ್ಷರಗಳ ತಲೆಯ ಮೇಲೆಲ್ಲ ಚುಕ್ಕೆ. ಅದರ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ, ಚುಕ್ಕೆ ಭಾಷೆ ಎನ್ನುತ್ತೇನೆ. ಅತ್ತೆಯ ಎದುರಿಗೆ ಜಗಳ ಆಡಬಾರದು ಎಂಬ ಮರ್ಯಾದೆಯಿಂದ ಗಂಡ ಹೆಂಡತಿ ಚುಕ್ಕೆ ಭಾಷೆಯಲ್ಲಿ ಜಗಳ ಆಡುತ್ತಾರೆ. ಸೋತವರು ಯಾರೆಂಬುದು, ಪಾತ್ರೆ ತೊಳೆಯಲು ಯಾರು ಏಳುತ್ತಾರೆ ಎಂಬುದರಿಂದ ನನಗೆ ತಿಳಿಯುತ್ತದೆ.

ಆ ಕಾಯಿಲೆ ಬಂದು ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಂಡಾಗ ಕಚೇರಿಯೂ ನಮ್ಮ ಮನೆಯೊಳಗೆ ಬಂತು. ಲೋಕದ ಡಾಕ್ಟರುಗಳೆಲ್ಲ ಆಗ ಯಾವ ಔಷಧಿ ಕೊಟ್ಟೆವು, ಯಾರು ಉಳಿದರು, ಯಾರು ಹೋದರು ಎಂದು ಬರೆದದ್ದೇ ಬರೆದದ್ದು. ಇಂಗ್ಲಿಷಿನಲ್ಲಿ ಬಂದದ್ದೂ ಅವರವರ ಮನೆಮಾತಿನಲ್ಲಿ ಬಂದದ್ದೂ ಒಂದೇ ಮಾತು ಹೇಳುತ್ತವೆಯೇ ಎಂದು ಹೋಲಿಸಿ ನೋಡುವುದು ಇವರಿಬ್ಬರಿಗೆ ಬಂದ ಕೆಲಸ.

"ಇಂಗ್ಲಿಷಿನಲ್ಲಿ ಒಂದ್ಸಲ ಓದಿದ್ರೆ ಸಾಲದಾ?" ಎಂದು ನಾನು ಸೊಸೆಯನ್ನು ಕೇಳಿದೆ.

ಅವಳು ಬೀನ್ಸ್ ಮುರಿಯುತ್ತಿದ್ದಳು. "ಅತ್ತೆ, ನಿಮ್ಮ ಮಗ ಪಾಸಾದಾಗ ಯಾರಿಗೆಲ್ಲ ಹೇಳಿದ್ರಿ?"

"ಇಡೀ ಬೀದಿಗೆ ಹೇಳ್ದೆ."

"ಗಣಿತದಲ್ಲಿ ಫೇಲಾದಾಗ?"

"ಅದನ್ಯಾಕೆ ಹೊರಗೆ ಹೇಳ್ಲಿ?"

"ಡಾಕ್ಟರುಗಳೂ ಹಾಗೇ. ಔಷಧಿ ಪಾಸಾದ್ರೆ ಇಂಗ್ಲಿಷಿನಲ್ಲಿ ಬರೀತಾರೆ. ಫೇಲಾದ್ರೆ ಎಷ್ಟೋ ಸಲ ಮನೆಮಾತಿನಲ್ಲೇ ಇಟ್ಕೋತಾರೆ."

ಒಳಗಿನಿಂದ ಮಗ, "ನನ್ನ ಗಣಿತದ ಸುದ್ದಿ ಇವಳಿಗೆ ಯಾರು ಹೇಳಿದ್ದು?" ಎಂದು ಕೂಗಿದ. ನಾವಿಬ್ಬರೂ ಬೀನ್ಸ್ ಮುರಿಯುವುದರಲ್ಲಿ ಮುಳುಗಿದೆವು.

ಆ ಕೆಲಸಕ್ಕೆ ಒಂದು ಕಟ್ಟಳೆಯಿತ್ತು. ಒಂದೊಂದು ಬರಹವನ್ನೂ ಇಬ್ಬರು ಓದಬೇಕು, ಬೇರೆ ಬೇರೆಯಾಗಿ. ಓದಿ, ತಮಗೆ ಕಂಡದ್ದನ್ನು ಬರೆದು, ಈ ಕೆಲಸ ನೋಡಿಕೊಳ್ಳುವ ಮೇಲಿನ ಡಾಕ್ಟರಮ್ಮನಿಗೆ ಕಳಿಸುವವರೆಗೆ ಒಬ್ಬರ ಜೊತೆ ಒಬ್ಬರು ಆ ಬಗ್ಗೆ ತುಟಿ ಬಿಚ್ಚಬಾರದು. ಇಬ್ಬರ ಮಾತು ತಾಳೆಯಾದರೆ ಸರಿ, ಇಲ್ಲದಿದ್ದರೆ ಡಾಕ್ಟರಮ್ಮ ತೀರ್ಮಾನಿಸುತ್ತಾರೆ. ಉಳಿದ ಕಡೆ ಹೀಗೆ ಓದುವ ಇಬ್ಬರು ಬೇರೆ ಬೇರೆ ಊರಿನಲ್ಲಿ ಇರುತ್ತಿದ್ದರಂತೆ. ನಮ್ಮಲ್ಲಿ ಒಂದೇ ಮೇಜಿನ ಆಚೆ ಈಚೆ ಇದ್ದರು. ಹಾಗಾಗಿ ಸೊಸೆ ನಡುವೆ ಒಂದು ಹಗ್ಗ ಕಟ್ಟಿ, ಹಳೆಯ ಹೊದಿಕೆಯೊಂದನ್ನು ಇಳಿಬಿಟ್ಟಳು. ಹೂವಿರುವ ಕಡೆ ಅವಳಿಗೆ, ತೇಪೆಯಿರುವ ಕಡೆ ಅವನಿಗೆ. ಕಿಟಕಿಯಿಂದ ನೋಡಿದ ಪಕ್ಕದ ಮನೆಯಾಕೆ, ಮನೆ ಭಾಗವಾಯಿತೇ ಎಂದು ನನ್ನನ್ನು ಫೋನಿನಲ್ಲಿ ವಿಚಾರಿಸಿಕೊಂಡಳು.

ಓದಿ ಕಳಿಸಿಯಾದ ಮೇಲೆ ಸೊಸೆ ಅಡುಗೆಮನೆಗೆ ಬಂದು ನನಗೆ ರೋಗಿಗಳ ಕಥೆ ಹೇಳುತ್ತಿದ್ದಳು. ಹೆಸರಿಲ್ಲದ ಜನ. ಕೆಮ್ಮಿ ಪಕ್ಕೆಲುಬು ಮುರಿದುಕೊಂಡ ಅಗಸ. ಆಸ್ಪತ್ರೆಯಲ್ಲೇ ಹೆತ್ತವಳು. ಒಂದೇ ಕಿಡ್ನಿಯ ಮುದುಕ, ಹಡಗಿನಲ್ಲಿ ಅಡುಗೆಯವನಾಗಿದ್ದವನು. ಅವನಿಗೆ ಹೊಸ ಔಷಧಿ ಕೊಟ್ಟರು, ತನ್ನ ಕಾಲಿನ ಮೇಲೆ ನಡೆದುಕೊಂಡೇ ಮನೆಗೆ ಹೋದನಂತೆ. ಇಂಗ್ಲಿಷ್ ಬರಹದಲ್ಲಿ ಹಾಗೆಂದು ಅಚ್ಚಾಗಿತ್ತು. ನನಗೆ ಅವನ ಮೇಲೆ ಅಕ್ಕರೆ ಬಂತು. ಅಡುಗೆಯವನು ನೋಡಿ.

ಅಷ್ಟರಲ್ಲಿ ನಮ್ಮ ಬೀಗರಿಗೇ, ಅಂದರೆ ಸೊಸೆಯ ಅಪ್ಪನಿಗೇ, ಕಾಯಿಲೆ ಅಂಟಿತು. ಬೇರೆ ಊರಿನಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡು ಒಬ್ಬರೇ ಇದ್ದವರು. ಮಾತು ಹರಿತ. ಮದುವೆಯ ದಿನ ನಮ್ಮ ಗೋಡೆ ಗಡಿಯಾರ ನೋಡಿ, "ಇದು ನಡೀತಾ ಇದೆಯೋ, ಸುಮ್ನೆ ನೇತಾಡ್ತಿದೆಯೋ?" ಎಂದವರು. ನಾನು ಅದನ್ನು ಮರೆತಿಲ್ಲ.

ಆಸ್ಪತ್ರೆಯಿಂದ ಒಬ್ಬ ಎಳೆಯ ಡಾಕ್ಟರು ಫೋನು ಮಾಡಿದರು. ಉಸಿರಾಟ ಇಳಿಯುತ್ತಿದೆ, ಹೊಸ ಔಷಧಿಯೊಂದಿದೆ, ಹೃದಯಕ್ಕೆ ತೊಂದರೆ ಆಗಲೂಬಹುದು, ಹಾಗಾಗಿ ಮನೆಯವರ ಒಪ್ಪಿಗೆ ಬೇಕು, ಸಂಜೆಯೊಳಗೆ ಹೇಳಿ ಎಂದರು. ಹಡಗಿನ ಅಡುಗೆಯವನಿಗೆ ಕೊಟ್ಟ ಅದೇ ಔಷಧಿ. ಇಂಗ್ಲಿಷ್ ಬರಹವನ್ನು ಅವರೂ ಓದಿದ್ದರು.

ಸೊಸೆ ಫೋನು ಕೆಳಗಿಟ್ಟು, "ಕೊಡಿ ಅಂತೀನಿ ಅತ್ತೆ. ಅಷ್ಟು ಜನ ನಡ್ಕೊಂಡು ಮನೆಗೆ ಹೋಗಿದಾರೆ," ಎಂದಳು. ಮೂಗು ಒರೆಸಿಕೊಂಡು ಮುಖ ತೊಳೆಯಲು ಹೋದಳು.

ಆಗ ಮಗ ತೇಪೆಯ ಕಡೆಯಿಂದ ಎದ್ದು ಅಡುಗೆಮನೆಗೆ ಬಂದ. ಬಡಿಸಿಟ್ಟ ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸಿದ.

"ಅಮ್ಮ, ಅವಳ ಹತ್ರ ಒಂದು ಚುಕ್ಕೆ ಭಾಷೆ ಪೇಪರ್ ಬಂದಿದೆ. ಇನ್ನೂ ತೆಗ್ದಿಲ್ಲ. ಈಗಲೇ ಓದೋಕೆ ಹೇಳು."

"ಅವಳಪ್ಪ ಅಲ್ಲಿ ಮಲಗಿದಾರೆ, ನಿಂಗೆ ಕಚೇರಿ ಕೆಲಸದ ಚಿಂತೆ!"

"ಅದಕ್ಕೇ ಹೇಳ್ತಿರೋದು."

"ಏನಿದೆ ಅದ್ರಲ್ಲಿ?"

"ಅದನ್ನ ಹೇಳೋ ಹಾಗಿಲ್ಲ."

"ಬೊಗಳೋ! ಇದು ನಿನ್ನ ಮಾವನ ಜೀವ. ಡಾಕ್ಟರಮ್ಮ ಬೈದ್ರೆ ನಾನು ಬೈಸ್ಕೋತೀನಿ."

"ಬೈಗುಳಕ್ಕಲ್ಲಮ್ಮ." ಅವನ ದನಿ ಇಳಿಯಿತು. "ನಾನು ಹೇಳಿಬಿಟ್ರೆ ಅವಳ ಕಣ್ಣಿಗೂ ಅದೇ ಕಾಣುತ್ತೆ. ನಾನೇ ತಪ್ಪು ಓದಿದ್ರೆ? ಆ ಭಾಷೆ ನನಗಿಂತ ಅವಳಿಗೆ ಚೆನ್ನಾಗಿ ಬರುತ್ತೆ. ನನ್ನ ತಪ್ಪಿನಿಂದ ಅವರಿಗೆ ಔಷಧಿ ತಪ್ಪಿದ್ರೆ? ಅವಳೇ ಓದಿ ನೋಡಿದ್ರೆ ಮಾತ್ರ ನಂಗೂ ನಂಬಿಕೆ."

ಗಣಿತದಲ್ಲಿ ಫೇಲಾದವನಾದರೂ ಮಾತು ಸರಿಯಾಗಿತ್ತು.

ನಾನು ಸೊಸೆಯ ಹತ್ತಿರ ಹೋದೆ. "ಚುಕ್ಕೆ ಭಾಷೆದು ಯಾವುದೋ ಒಂದು ಬಂದಿದೆಯಂತಲ್ಲ, ಅದನ್ನ ಓದು."

"ಈಗಲಾ ಅತ್ತೆ?" ಟವಲ್ ಅವಳ ಮುಖದ ಮೇಲೇ ಇತ್ತು.

"ಈಗಲೇ."

"ಅವರು ಹೇಳಿ ಕಳಿಸಿದ್ರಾ?"

"ನಾನು ಹೇಳ್ತಿದೀನಿ. ನಿನ್ನ ಗಂಡ ತಟ್ಟೆ ಸರಿಸಿದಾನೆ."

ನನ್ನ ಮಗ ತಟ್ಟೆ ಸರಿಸುವವನಲ್ಲ. ಜ್ವರದಲ್ಲೂ ಎರಡನೇ ಸಲ ಬಡಿಸಿಕೊಳ್ಳುವವನು. ಸೊಸೆ ಟವಲನ್ನು ಹೆಗಲಿಗೆ ಹಾಕಿಕೊಂಡು ಹೂವಿನ ಕಡೆ ಹೋಗಿ ಕೂತಳು.

ಅವಳು ಬೆರಳಿಟ್ಟು ಓದುತ್ತಾಳೆ. ಬೆರಳು ಸಾಗುತ್ತಿತ್ತು, ನಿಲ್ಲುತ್ತಿತ್ತು, ಹಿಂದಕ್ಕೆ ಬರುತ್ತಿತ್ತು. ಹೊದಿಕೆಯ ಆಚೆ ಮಗ ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಹಾಕಿದ. ನಾನು ನಡುವೆ ಒಂದು ಸ್ಟೂಲ್ ಎಳೆದುಕೊಂಡು ಕೂತು ಇಬ್ಬರನ್ನೂ ಕಾದೆ. ಕುಕ್ಕರ್ ಎಷ್ಟು ಕೂಗಿತೋ ತಿಳಿಯಲಿಲ್ಲ, ಆವತ್ತಿನ ಬೇಳೆ ಅಂಟಾಯಿತು.

ಸೊಸೆ ಏನೋ ಬರೆದಳು, ಒತ್ತಿದಳು. ಆಮೇಲೆ ಹೊದಿಕೆಯ ಕಡೆ ತಿರುಗದೆ ಕೇಳಿದಳು, "ರೀ, ನೀವು ಕಳಿಸಿ ಆಯ್ತಾ?"

"ಬೆಳಿಗ್ಗೆನೇ. ನೀನು?"

"ಈಗ ಕಳಿಸ್ದೆ."

ಅವಳು ಬೆರಳನ್ನು ಇನ್ನೊಮ್ಮೆ ಅದೇ ಸಾಲಿನ ಮೇಲಿಟ್ಟಳು.

"ಹಡಗಿನ ಅಡುಗೆಯವನು," ಎಂದಳು.

"ಹೂಂ. ಅವನೇ," ಎಂದ ಮಗ.

ಆಗ ನನಗೂ ಬಿಡಿಸಿ ಹೇಳಿದರು. ಇಂಗ್ಲಿಷಿನದು, ಚುಕ್ಕೆ ಭಾಷೆಯದು, ಎರಡೂ ಬರಹ ಒಂದೇ ಆಸ್ಪತ್ರೆಯವು, ರೋಗಿಗಳೂ ಅವರೇ. ಡಾಕ್ಟರುಗಳ ಹೆಸರು ಹಿಂದೆ ಮುಂದೆ ಆಗಿದ್ದರಿಂದ ಎರಡೂ ಬೇರೆ ಎಂದು ಎಲ್ಲರೂ ತಿಳಿದಿದ್ದರು. ರೋಗಿಗಳು ಮನೆಗೆ ನಡೆದ ದಿನದವರೆಗಿನ ಕಥೆ ಇಂಗ್ಲಿಷಿನಲ್ಲಿತ್ತು. ಆಮೇಲಿನದು ಮನೆಮಾತಿನಲ್ಲಿ. ಮನೆಗೆ ಹೋದವರಲ್ಲಿ ಬಹಳ ಜನ ಎದೆ ಹಿಡಿದುಕೊಂಡು ಮರಳಿ ಬಂದಿದ್ದರು. ಒಂದೇ ಕಿಡ್ನಿಯ ಮುದುಕನೂ ಬಂದಿದ್ದ. ಎರಡನೇ ಸಲ ಅವನು ನಡೆದು ಹೋಗಲಿಲ್ಲ.

ಸೊಸೆ ಡಾಕ್ಟರಮ್ಮನಿಗೆ ಹೇಳಿದಳು. ಆಮೇಲೆ ಆಸ್ಪತ್ರೆಗೆ ಫೋನು ಮಾಡಿ, "ಕೊಡಬೇಡಿ," ಎಂದಳು.

"ಇಂಗ್ಲಿಷ್ ಪೇಪರಿನಲ್ಲಿ ಚೆನ್ನಾಗೇ ಇದೆಯಲ್ಲ ಮೇಡಂ?" ಎಂದರು ಆ ಎಳೆಯ ಡಾಕ್ಟರು.

"ಅದು ಅರ್ಧ ಕಥೆ ಸಾರ್. ಉಳಿದರ್ಧ ಕಳಿಸ್ತೀನಿ."

ಹೇಳುವಾಗ ದನಿ ಗಟ್ಟಿಯಾಗಿತ್ತು. ಆಮೇಲಿನ ದಿನಗಳಲ್ಲಿ ಗಟ್ಟಿಯಾಗಿರಲಿಲ್ಲ. ಬೀಗರ ಸ್ಥಿತಿ ಕೆಟ್ಟಿತು, ಸ್ವಲ್ಪ ಸುಧಾರಿಸಿತು, ಮತ್ತೆ ಕೆಟ್ಟಿತು. ಅವಳು ಒಗೆದ ಬಟ್ಟೆಯನ್ನೇ ಮತ್ತೆ ಒಗೆಯಲು ಹಾಕುತ್ತಿದ್ದಳು. ಒಮ್ಮೆ ನನ್ನ ಪಕ್ಕದಲ್ಲಿ ಕೂತು, "ಅತ್ತೆ, ನಾನು ತಪ್ಪು ಮಾಡಿದ್ನಾ?" ಎಂದಳು.

ಇಲ್ಲ ಎನ್ನಬೇಕು ಎನಿಸಿತು. ಆದರೆ ಎರಡೆರಡು ಸಲ ಓದದೆ ಒಂದು ಮಾತೂ ಹೇಳದವಳಿಗೆ ನಾನು ಓದದ್ದನ್ನು ಹೇಗೆ ಹೇಳಲಿ? "ಗೊತ್ತಿಲ್ಲ ಕಣೇ ಮಗಳೇ," ಎಂದೆ. ಅವಳು ನನ್ನ ಹೆಗಲಿಗೆ ತಲೆ ಒರಗಿಸಿದಳು. ಮಗ ಬಂದು, ಯಾರ ಸರದಿ ಎಂದು ಕೇಳದೆ ಪಾತ್ರೆ ತೊಳೆದ.

ಬೀಗರು ಬದುಕಿದರು. ಸೊರಗಿ ಕಡ್ಡಿಯಾಗಿ, ನಿಧಾನವಾಗಿ ತಮ್ಮ ಮನೆಗೆ ಬಂದರು. ಬಂದವರಿಗೆ ಯಾರೋ ವಿಷಯ ಮುಟ್ಟಿಸಿದರು. ಅವತ್ತೇ ಮಗಳಿಗೆ ಫೋನು ಬಂತು, ಕೂಗು ನನ್ನವರೆಗೂ ಕೇಳಿಸಿತು.

"ಏನೇ, ನಂಗೆ ಔಷಧಿ ತಪ್ಪಿಸಿದ್ಯಂತೆ? ಅದನ್ನ ಕೊಟ್ಟಿದ್ರೆ ಎಷ್ಟೋ ಮುಂಚೆ ಮನೇಲಿರ್ತಿದ್ದೆ!"

"ಕೊಡದೆ ಇದ್ದಿದ್ದಕ್ಕೇ ಉಳಿದಿರಬಹುದು, ಕೊಡದೆ ಇದ್ದರೂ ಉಳಿದಿರಬಹುದು. ಒಬ್ಬ ರೋಗಿಯಿಂದ ಏನೂ ಗೊತ್ತಾಗಲ್ಲ ಅಪ್ಪ."

"ನಾನು ಒಬ್ಬ ರೋಗಿನಾ? ನಿನ್ನ ಹೆತ್ತವನಲ್ವಾ? ಯಾವನೋ ಅಡುಗೆಯವನ ಮಾತು ಕೇಳಿ..."

ನನಗೆ ತಡೆಯಲಿಲ್ಲ. "ನೋಡಿ ಬೀಗರೇ, ಅಡುಗೆಯವರ ವಿಷಯ ಹಗುರವಾಗಿ ಮಾತಾಡ್ಬೇಡಿ," ಎಂದು ದೂರದಿಂದಲೇ ಹೇಳಿದೆ.

"ಓಹೋ, ನೀವೂ ಇದೀರಾ? ಇಡೀ ಮನೆಯೇ ಸೇರಿ ಮಾಡಿದ ಕೆಲಸವೋ ಇದು?"

ಅಲ್ಲಿಂದ ಶುರುವಾಯಿತು. ಗಡಿಯಾರ, ಮದುವೆ, ಮಗಳನ್ನು ಓದಿಸಿದ ತಪ್ಪು, ಅಳಿಯನ ಮೌನ, ಒಂದನ್ನೂ ಬಿಡಲಿಲ್ಲ. ಸೊಸೆ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, ಹೂವಿನ ಕಡೆ ಕೂತು, ಮುಂದಿನ ಬರಹ ತೆರೆದಳು.

"ಏನಾದ್ರೂ ಒಂದು ಮಾತು ಹೇಳಬಾರ್ದೇನೆ, ಪಾಪ?" ಎಂದೆ.

"ಶ್, ಬೈಯಲಿ ಬಿಡಿ ಅತ್ತೆ," ಎಂದಳು ಮೆಲ್ಲಗೆ. "ನಡುವೆ ಉಸಿರೆಳೆಯದೆ ಎಷ್ಟು ಹೊತ್ತು ಬೈತಾರೆ ಅಂತ ಕೇಳಿಸ್ಕೋತಿದೀನಿ."