ಹೋರಿ ಪಳಗಿಸುವವನ ಮನೆಯ ಲವ್ ಬರ್ಡು

ದೊಡ್ಡಗಾಜನೂರಿನ ಪುಟ್ಟಬಸಪ್ಪ ಕೈಯಿಟ್ಟ ಮೇಲೂ ಬಗ್ಗದ ಹೋರಿ ತಾಳವಾಡಿ ಸುತ್ತಿನಲ್ಲೇ ಇರಲಿಲ್ಲ. ನೊಗ ಕಂಡರೆ ಬೇಲಿ ಹಾರುವ, ಮೂಗುದಾರ ಹಾಕಲು ಬಂದವನನ್ನೇ ಎತ್ತಿ ಎಸೆಯುವ ಬರಗೂರು ತಳಿಯ ಹೋರಿಗಳನ್ನೆಲ್ಲ ಜನ ತಂದು ಅವನ ಕೊಟ್ಟಿಗೆಯಲ್ಲಿ ಕಟ್ಟಿ ಹೋಗುತ್ತಿದ್ದರು. ತಿಂಗಳು ಬಿಟ್ಟು ಬಂದರೆ ಅವೇ ಹೋರಿಗಳು ಮದುವೆ ಮನೆಗೆ ಬಂದ ಬೀಗರಂತೆ ತಲೆ ತಗ್ಗಿಸಿ ನಿಂತಿರುತ್ತಿದ್ದವು. ಇಂಥ ಪುಟ್ಟಬಸಪ್ಪನನ್ನು ಎಂಬತ್ತೆರಡನೇ ಇಸವಿಯ ಮಳೆಗಾಲದಲ್ಲಿ ಒಂದು ಹಿಡಿಯಷ್ಟಿದ್ದ ಹಕ್ಕಿ ಕಚ್ಚಿತು. ಒಂದು ಸಲವಲ್ಲ, ದಿನಾ.

ಹಕ್ಕಿಯನ್ನು ತಂದವನು ಹೆಂಡತಿಯ ತಮ್ಮ ಬಸವಯ್ಯ. ಘಟ್ಟದ ಕೆಳಗೆ ಸತ್ಯಮಂಗಲದ ಮಂಡಿಯೊಂದರಲ್ಲಿ ಕೆಲಸಕ್ಕಿದ್ದ.

"ಲವ್ ಬರ್ಡು ಬಾವ. ಬಲೇ ಪ್ರೀತಿ ಪಕ್ಸಿ."

ಹಸಿರು ಮೈ, ಎಲೆಯಡಿಕೆ ಮೆತ್ತಿದಂಥ ಕೆಂಪು ಮುಖ, ಮೊಂಡು ಬಾಲ. ಜೋಡಿಯಲ್ಲೇ ಮಾರುವ ಹಕ್ಕಿ ಒಂಟಿಯಾಗಿ ಅಷ್ಟು ಅಗ್ಗಕ್ಕೆ ಏಕೆ ಸಿಕ್ಕಿತೆಂದು ಆಗ ಯಾರೂ ಕೇಳಲಿಲ್ಲ.

ಮೂರನೆಯ ದಿನ ಅದು ಪಂಜರದ ಚಿಲಕವನ್ನು ಕೊಕ್ಕಿನಲ್ಲೇ ತೆಗೆದುಕೊಂಡು ಹೊರಬಂತು. ನಾಯಿ ಕರಿಯ ಏನಿದು ಎಂದು ಮೂಸಲು ಹೋಗಿ, ಮೂಗು ಕೊಟ್ಟು, ಪಕ್ಕದ ಮನೆ ಜಡೇಸ್ವಾಮಿಯ ಜಗಲಿಗೆ ಸಂಸಾರ ಬದಲಿಸಿತು. ಬೆಕ್ಕು ಎರಡು ದಿನ ಹಕ್ಕಿಯನ್ನು ಊಟವೆಂದು ನೋಡಿತ್ತು. ಕಿವಿಯ ಚೂರು ಹೋದ ಮೇಲೆ ಅಟ್ಟ ಹತ್ತಿತು. ಹಾಲು ಬೇಕಾದಾಗ ಏಣಿಯ ಅರ್ಧಕ್ಕೆ ಇಳಿದು, ನಾಲ್ಕೂ ದಿಕ್ಕು ನೋಡಿ, ಹಾಲೇ ಬೇಡವೆಂದು ಹಿಂದಿರುಗುತ್ತಿತ್ತು. ಪುಟ್ಟಬಸಪ್ಪ ಹೋರಿಗೆ ಮಾಡುವಂತೆ ಬೆಲ್ಲ ಹಿಡಿದು ನೋಡಿದ. ಹಕ್ಕಿ ಬೆಲ್ಲವನ್ನೂ ತೆಗೆದುಕೊಂಡಿತು, ಬೆರಳನ್ನೂ ಬಿಡಲಿಲ್ಲ. ಒಂದು ಬೆಳಿಗ್ಗೆ ಲಿಂಗಪೂಜೆಗೆ ಕಣ್ಣು ಮುಚ್ಚಿ ಕೂತವನ ಕಿವಿಯನ್ನೇ ಹಿಡಿಯಿತು. ಶಿವನನ್ನು ನೆನೆಯಬೇಕಿದ್ದ ಬಾಯಲ್ಲಿ ಬೇರೆ ಏನೋ ಬಂತು.

ಹೆಂಡತಿ ಶಿವಮಲ್ಲಮ್ಮ ಒಲೆಯ ಮುಂದಿನಿಂದಲೇ ತೀರ್ಪು ಕೊಟ್ಟಳು.

"ಸ್ವಾಮಾರ ಬಸವಯ್ಯ ಬತ್ತಾನ. ಆ ಪಂಜರವ ಅವನ ಕೈಗ ಕೊಟ್ಬುಡಿ. ನಾಯಿ ಓಯ್ತು, ಬೆಕ್ಕು ಓಯ್ತು, ಇನ್ನ ನಾನೊಬ್ಬಳು ಉಳ್ದಿವ್ನಿ."

"ಪಳಗಿಸ್ತೀನಿ ಕಣಮ್ಮಿ, ಇರು."

"ಯಾರು ಯಾರ್ನ?"

ಹಕ್ಕಿ ಬಸ್ಸು ಹತ್ತಿದರೆ ತನ್ನ ಹೆಸರೂ ಅದರ ಜೊತೆಗೇ ಘಟ್ಟ ಇಳಿಯುತ್ತದೆ ಎಂಬುದು ಪುಟ್ಟಬಸಪ್ಪನಿಗೆ ಗೊತ್ತಿತ್ತು. ಜಡೇಸ್ವಾಮಿ ಆಗಲೇ ಟೀ ಅಂಗಡಿಯಲ್ಲಿ ಹತ್ತು ಜನರ ಮುಂದೆ ಕೇಳಿದ್ದ: "ಅಣ್ಣೋ, ಮೂಗುದಾರ ಆಕಾಯ್ತಾ?"

ಸೋಮವಾರಕ್ಕೆ ಉಳಿದ ದಿನಗಳಲ್ಲಿ ಅವನು ಹಕ್ಕಿಯನ್ನು ಮುಟ್ಟಲು ಹೋಗದೆ, ಅಂಗೈ ಅಡಗಿಸಿಕೊಂಡು ನೋಡುತ್ತ ಕೂತ. ಅದು ಮೆಕ್ಕೆಜೋಳದ ತೆನೆಯ ಸಿಪ್ಪೆಯನ್ನು ಕೊಕ್ಕಿನಲ್ಲಿ ಉದ್ದುದ್ದ ಕತ್ತರಿಸುತ್ತಿತ್ತು. ಒಂದೊಂದು ಎಳೆಯೂ ದರ್ಜಿ ಅಳೆದು ಕತ್ತರಿಸಿದಷ್ಟು ಸಮ. ಆಮೇಲೆ ಕತ್ತು ತಿರುಗಿಸಿ ಆ ಎಳೆಗಳನ್ನು ತನ್ನ ಸೊಂಟದ ಗರಿಗಳ ನಡುವೆ ಒಂದೊಂದಾಗಿ ಸಿಕ್ಕಿಸಿಕೊಂಡು, ಬೆನ್ನ ತುಂಬ ಹುಲ್ಲು ಹೊತ್ತ ಗಾಡಿಯಂತೆ ಕೊಟ್ಟಿಗೆಯ ಕಡೆ ಹಾರುತ್ತಿತ್ತು. ಅರ್ಧ ದಾರಿಯಲ್ಲೇ ಉದುರಿದವನ್ನು ಬಿಟ್ಟು ಮತ್ತೆ ಬಂದು ಕತ್ತರಿಸುತ್ತಿತ್ತು. ಸಿಂಗಾರ ಇರಬೇಕು ಎಂದುಕೊಂಡ ಪುಟ್ಟಬಸಪ್ಪ. ಇಷ್ಟು ಕೋಪಿಷ್ಠರಿಗೂ ಸಿಂಗಾರ ಬೇಕಲ್ಲ ಎಂದು ನಕ್ಕ.

ಭಾನುವಾರ ಮಧ್ಯಾಹ್ನ, ಪಣಕಹಳ್ಳಿಯವರು ಬಿಟ್ಟುಹೋಗಿದ್ದ ಹೋರಿ ಹಗ್ಗ ಕಿತ್ತು ಹಸಿ ಹುರುಳಿ ಸೊಪ್ಪು ಮೇದು ಹೊಟ್ಟೆ ಉಬ್ಬರಿಸಿಕೊಂಡು ಬಿದ್ದಿತು. ಎಡಪಕ್ಕೆ ತಮಟೆಯಂತಾಗಿತ್ತು. ಶಿವಮಲ್ಲಮ್ಮ ಹುಚ್ಚೆಳ್ಳೆಣ್ಣೆಗೆ ಇಂಗು, ಓಮ ಕಲಸಿ ತಂದಳು. ದನದ ಬಾಯಿಗೆ ಔಷಧಿ ಹುಯ್ಯುವ ಬಿದಿರಿನ ಗೊಟ್ಟ ಕೊಟ್ಟಿಗೆಯ ಗೂಟದಲ್ಲಿ ಓರೆಯಾಗಿ ನೇತಾಡುತ್ತಿತ್ತು. ಪುಟ್ಟಬಸಪ್ಪ ಅದಕ್ಕೆ ಕೈ ಹಾಕಿದ. ಒಳಗಿಂದ ಹಕ್ಕಿ ಗುಂಡಿನಂತೆ ಹಾರಿ ಬಂದು ಅವನ ಹೆಬ್ಬೆರಳಿಗೆ ಜೋತುಬಿತ್ತು. ಈ ಸಲ ಸುಮ್ಮನೆ ಕಚ್ಚಿ ಬಿಡಲಿಲ್ಲ, ಕಚ್ಚಿಕೊಂಡೇ ಇತ್ತು. ರಕ್ತ ಮುಂಗೈಗೆ ಇಳಿಯಿತು.

ಅವನು ಗೊಟ್ಟದ ಬಾಯನ್ನು ಬೆಳಕಿಗೆ ಹಿಡಿದು ನೋಡಿದ. ಜೋಳದ ಸಿಪ್ಪೆಯ ಎಳೆಗಳು ಸುತ್ತು ಸುತ್ತಾಗಿ ಕೂತು ಒಳಗೆ ಬಟ್ಟಲಿನಂತಾಗಿದ್ದವು. ನಡುವೆ ನೆಲ್ಲಿಕಾಯಿಗಿಂತ ಚಿಕ್ಕ ಎರಡು ಬಿಳಿ ಮೊಟ್ಟೆ.

ಬೆನ್ನ ಮೇಲೆ ಹೊತ್ತದ್ದು ಸಿಂಗಾರವಲ್ಲ, ಮನೆ! ಯಾರೂ ಕಲಿಸದೆ, ಜೊತೆಗೊಬ್ಬರಿಲ್ಲದೆ, ಕಂಡರಿಯದ ಊರಿನಲ್ಲಿ, ನಾಯಿ ಬೆಕ್ಕು ಹೋರಿ ಮನುಷ್ಯ ಎಲ್ಲರನ್ನೂ ದೂರವಿಟ್ಟು ಈ ಹಿಡಿ ಜೀವ ಮನೆ ಕಟ್ಟಿದೆ. ತನ್ನ ಮನೆಯ ಗೋಡೆ ಎಬ್ಬಿಸಲು ಪುಟ್ಟಬಸಪ್ಪನಿಗೆ ಹನ್ನೊಂದು ಜನ ಆಳು ಬೇಕಾಗಿದ್ದರು.

"ಬೇಗ ಉಯ್ರಿ, ಓರಿ ಸಾಯ್ತದ!" ಎಂದಳು ಶಿವಮಲ್ಲಮ್ಮ.

ಅವನು ಗೊಟ್ಟವನ್ನು, ಮೊದಲಿದ್ದ ಓರೆಯಲ್ಲೇ, ಮತ್ತೆ ಗೂಟಕ್ಕೆ ಹಾಕಿದ. ಹಕ್ಕಿ ಬೆರಳು ಬಿಟ್ಟು ಒಳಗೆ ಸರಿಯಿತು. ಪುಟ್ಟಬಸಪ್ಪ ಜಡೇಸ್ವಾಮಿಯ ಬಾಗಿಲಿಗೆ ಓಡಿದ.

"ಜಡೇಸ್ವಾಮಿ, ಗೊಟ್ಟ ಕೊಡ್ಲಾ!"

ಸುತ್ತ ನಾಲ್ಕೂರಿಗೆ ಗೊಟ್ಟ ಎರವಲು ಕೊಡುವವನು ಎರವಲು ಕೇಳಿದ್ದು ಅದೇ ಮೊದಲು.

"ನಿನ್ನದೆಲ್ಲಣ್ಣೋ?"

"ಅದ್ರಲ್ಲಿ ಅಕ್ಕಿ ಮೊಟ್ಟೆ ಇಟ್ಟದ ಕಣ್ಲಾ! ಕೊಡು!"

ಜಡೇಸ್ವಾಮಿ ಸಾಯಂಕಾಲದವರೆಗೂ ಕಾಯಲಿಲ್ಲ. ಗೊಟ್ಟ ಕೊಟ್ಟ ಕೈಯಲ್ಲೇ ಟೀ ಅಂಗಡಿಗೆ ಹೊರಟ. ಎಣ್ಣೆ ಇಳಿದು ಅರ್ಧ ಗಂಟೆಗೆ ಹೋರಿ ಊರಿಗೆಲ್ಲ ಕೇಳುವಂತೆ ತೇಗಿ ಎದ್ದು ನಿಂತಿತು. ಗಂಡ ಹೆಬ್ಬೆರಳಿಗೆ ಅರಿಸಿನ ಮೆತ್ತಿಕೊಳ್ಳುತ್ತಿದ್ದಾಗ ಶಿವಮಲ್ಲಮ್ಮ ಗೂಟದಲ್ಲಿದ್ದ ಗೊಟ್ಟದೊಳಗೆ ಇಣುಕಿ ನೋಡಿದಳು. ಬಹಳ ಹೊತ್ತು ನೋಡಿದಳು.

ಸೋಮವಾರ ಬಸವಯ್ಯ ಬಂದು ಪಂಜರ ಕೈಗೆತ್ತಿಕೊಂಡ. "ಎಲ್ಲಕ್ಕ ಅದು?"

"ಬಾಣಂತೀನ ಯಾರಾದ್ರೂ ದಿಂಬಂ ಘಟ್ಟದ ತಿರುವ್ನಲ್ಲಿ ಬಸ್ಸತ್ತಿಸ್ತಾರ? ಬುದ್ಧಿ ಅದಾ ನಿಂಗ?"

"ಅಕ್ಕ, ಗಂಡಿಲ್ದೆ ಇಟ್ಟ ಮೊಟ್ಟೆ ಅದು. ಮರಿ ಆಗಕಿಲ್ಲ."

"ಆಗ್ದಿದ್ರೆ ಬುಡು. ಕೂತವಳ ನಾನು ಎಬ್ಸಲ್ಲ."

ಬಸವಯ್ಯ ಖಾಲಿ ಪಂಜರ ಹಿಡಿದು ಬಸ್ಸಿಗೆ ಹೊರಟ. ಪುಟ್ಟಬಸಪ್ಪ ಎಲೆಯಡಿಕೆ ಹಾಕಿಕೊಂಡು ಕೊಟ್ಟಿಗೆಯಲ್ಲಿ ಹೋರಿಯ ಪಕ್ಕಕ್ಕೆ ಕುಕ್ಕರುಗಾಲಲ್ಲಿ ಕೂತ. ಹೋರಿ ಮೆಲುಕು ಹಾಕುತ್ತಿತ್ತು, ಅವನು ಅಗಿಯುತ್ತಿದ್ದ. ಗೊಟ್ಟದ ಬಾಯಲ್ಲಿ ಕೆಂಪು ಮುಖವೊಂದು ಕಾಣಿಸಿ, ಇಬ್ಬರನ್ನೂ ನೋಡಿ, ಕಿರ್ರೆಂದು ಒಂದೇ ಸಲ ಗದರಿತು. ಹೋರಿ ಮೆಲುಕು ನಿಲ್ಲಿಸಿತು. ಪುಟ್ಟಬಸಪ್ಪನೂ ಅಗಿಯುವುದನ್ನು ನಿಲ್ಲಿಸಿದ.